ತೆರೆ ಮೇಲೆ ನಂಬರ್ ಒನ್, ಬಜೆಟ್‌ನಲ್ಲಿ ಸೊನ್ನೆ: ಕೊರಿಯಾದ ಟ್ರಾಮಾ ಡ್ರಾಮಾ ಎಬ್ಬಿಸಿದ ಪ್ರಶ್ನೆ

2025ರ ಫೆಬ್ರವರಿ ಮೊದಲ ವಾರ ದಕ್ಷಿಣ ಕೊರಿಯಾದಲ್ಲಿ ಎರಡು ಸುದ್ದಿ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಮೊದಲನೆಯದು ಖುಷಿಯ ಸುದ್ದಿ. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರನ್ನು ಉಳಿಸುವ ಸರ್ಜನ್‌ಗಳ ಕಥೆ ‘ದಿ ಟ್ರಾಮಾ ಕೋಡ್: ಹೀರೋಸ್ ಆನ್ ಕಾಲ್’ ನೆಟ್‌ಫ್ಲಿಕ್ಸ್‌ನಲ್ಲಿ ಇಂಗ್ಲಿಷ್ ಅಲ್ಲದ ಸೀರೀಸ್‌ಗಳ ಜಾಗತಿಕ ಪಟ್ಟಿಯ ತುದಿಗೆ ಏರಿತ್ತು. ಎರಡನೆಯದು ಅದಕ್ಕೆ ಪೂರ್ತಿ ಉಲ್ಟಾ. ಅಂಥದೇ ಸರ್ಜನ್‌ಗಳನ್ನು ತಯಾರು ಮಾಡುವ ಸೋಲ್‌ನ ಕೊರಿಯಾ ವಿಶ್ವವಿದ್ಯಾಲಯ ಗುರೊ ಆಸ್ಪತ್ರೆಯ ತರಬೇತಿ ಕೇಂದ್ರ ಆ ತಿಂಗಳ ಕೊನೆಗೆ ಬಾಗಿಲು ಹಾಕಲಿದೆ ಎಂಬುದು. ಕಾರಣ ದುಡ್ಡಿಲ್ಲ.

ಬೇಕಿದ್ದ ದುಡ್ಡು ಎಷ್ಟು? ವರ್ಷಕ್ಕೆ ಸುಮಾರು 90 ಕೋಟಿ ವೋನ್. ನಮ್ಮ ರೂಪಾಯಿಯಲ್ಲಿ 5 ಕೋಟಿಗೆ ಸ್ವಲ್ಪ ಜಾಸ್ತಿ. 2014ರಿಂದ ಸರ್ಕಾರ ಕೊಡುತ್ತಿದ್ದ ಈ ಹಣ 2025ರ ಬಜೆಟ್‌ನಲ್ಲಿ ಇರಲೇ ಇಲ್ಲ.

ಡ್ರಾಮಾ ನೋಡಿ ಕಣ್ಣು ಒದ್ದೆ ಮಾಡಿಕೊಂಡವರಿಗೆ ಇದು ಅರ್ಥವಾಗಲಿಲ್ಲ. ಇಡೀ ದೇಶ ಟ್ರಾಮಾ ಸರ್ಜನ್‌ಗಳನ್ನು ಹೊಗಳುತ್ತಿರುವಾಗಲೇ ಅವರ ಶಾಲೆ ಮುಚ್ಚುವುದು ಹೇಗೆ? ಕೊರಿಯಾ ಬಡ ದೇಶವಲ್ಲ. ಎಲ್ಲರಿಗೂ ಆರೋಗ್ಯ ವಿಮೆ ಇರುವ ದೇಶ. ಹಾಗಿದ್ದೂ ಹೀಗಾಯಿತು ಅಂದರೆ ಅದಕ್ಕೆ ಹಿನ್ನೆಲೆ ಇರಲೇಬೇಕು ಅಲ್ವಾ? ಅದನ್ನು ಬಿಡಿಸಿ ನೋಡೋಣ.

ನೋಡುಗರಿಗೆ ಹಿಡಿಸಿದ್ದು ಏನು?

ಸೀರೀಸ್ ಬಿಡುಗಡೆಯಾಗಿದ್ದು 2025ರ ಜನವರಿ 24ರಂದು. ಕೊರಿಯನ್ನರ ಚಾಂದ್ರಮಾನ ಹೊಸವರ್ಷದ ರಜೆ ಇನ್ನೇನು ಶುರುವಾಗುವುದರಲ್ಲಿತ್ತು. ಎಂಟೇ ಕಂತು. ಮನೆಮಂದಿಯೆಲ್ಲ ಸೇರುವ ಹೊತ್ತಿಗೆ ಸರಿಯಾಗಿ ಬಂತು, ರಜೆ ಮುಗಿಯುವುದರೊಳಗೆ ಎಲ್ಲರ ಬಾಯಲ್ಲೂ ಅದೇ ಮಾತಾಯಿತು.

ನಾಯಕ ಬೆಕ್ ಗಾಂಗ್‌ಹ್ಯೊಕ್. ಪಾತ್ರ ಮಾಡಿದವರು ಜೂ ಜಿಹೂನ್. ಯುದ್ಧಭೂಮಿಯಲ್ಲಿ ಬೈಕ್ ಮೇಲೆ ರಕ್ತದ ಚೀಲ ಹೊತ್ತುಕೊಂಡು ನುಗ್ಗುವ ದೃಶ್ಯದಲ್ಲೇ ಅವನ ಪರಿಚಯ. ಆಮೇಲೆ ಸೋಲ್‌ನ ದೊಡ್ಡ ಆಸ್ಪತ್ರೆಯೊಂದರ ಹೆಸರಿಗಷ್ಟೇ ಇರುವ ಟ್ರಾಮಾ ವಿಭಾಗಕ್ಕೆ ಬರುತ್ತಾನೆ. ಗುದದ್ವಾರದ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಯುವ ವೈದ್ಯ ಯಾಂಗ್ ಜೇವೊನ್‌ನನ್ನು ಎಳೆದುಕೊಂಡು ಹೋಗಿ ಶಿಷ್ಯನನ್ನಾಗಿ ಮಾಡಿಕೊಳ್ಳುತ್ತಾನೆ. ಅವನ ಹೆಸರು ಹಿಡಿದು ಕರೆಯುವುದೇ ಇಲ್ಲ, ‘ಗುದದ್ವಾರ’ ಅಂತಲೇ ಕೂಗುತ್ತಾನೆ. ಕೆಲಸ ಕಲಿತು ಗಟ್ಟಿಯಾದ ಮೇಲೆ ಆ ಹುಡುಗ ‘ನಂಬರ್ 1’ ಆಗುತ್ತಾನೆ. ಈ ಬಡ್ತಿಯನ್ನು ನೋಡುಗರು ತಮ್ಮದೇ ಮಗನಿಗೆ ಕೆಲಸ ಸಿಕ್ಕ ಹಾಗೆ ಸಂಭ್ರಮಿಸಿದರು.

ಕೊರಿಯಾದಲ್ಲಿ ಡ್ರಾಮಾಗಳ ಬಗ್ಗೆ ಮಾತಾಡುವಾಗ ಎರಡು ಪದ ಪದೇ ಪದೇ ಬರುತ್ತವೆ. ಒಂದು ‘ಗೊಗುಮಾ’, ಅಂದರೆ ಗೆಣಸು. ನೀರಿಲ್ಲದೆ ಗೆಣಸು ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ ಉಸಿರು ಕಟ್ಟಿಸುವ ದೃಶ್ಯ. ಇನ್ನೊಂದು ‘ಸಾಯಿದಾ’, ಅಂದರೆ ತಣ್ಣನೆಯ ಸೋಡಾ. ಸಿಕ್ಕಿಕೊಂಡದ್ದನ್ನು ಸರ್‍ರನೆ ಇಳಿಸುವ ದೃಶ್ಯ. ಈ ಡ್ರಾಮಾ ಕಂತಿನಿಂದ ಕಂತಿಗೆ ಸೋಡಾ ಕುಡಿಸುತ್ತಲೇ ಹೋಯಿತು. ಆಸ್ಪತ್ರೆಯ ಮೀಟಿಂಗ್‌ನಲ್ಲಿ ‘ನಿಮ್ಮ ವಿಭಾಗದಿಂದ ನಮಗೆಲ್ಲ ನಷ್ಟ’ ಎಂದು ದೊಡ್ಡವರು ಗೊಣಗುತ್ತಾರೆ. ಬೆಕ್ ಅವರ ಮುಖಕ್ಕೇ ತಿರುಗಿ ಉತ್ತರ ಕೊಡುತ್ತಾನೆ. ಅವನನ್ನು ಕಂಡರೆ ಉರಿದುಬೀಳುತ್ತಿದ್ದ ಹಿರಿಯ ಡಾಕ್ಟರ್ ಹಾನ್ ಯುರಿಮ್‌ನ ಮಗಳೇ ಅಪಘಾತಕ್ಕೆ ಸಿಕ್ಕಿ ಅವನ ಟೇಬಲ್ ಮೇಲೆ ಬರುತ್ತಾಳೆ. ಅವಳು ಬದುಕಿದ ಮೇಲೆ ಅಪ್ಪನ ಮನಸ್ಸೂ ತಿರುಗುತ್ತದೆ. ಈ ಪಾತ್ರ ಮಾಡಿದ ಯೂನ್ ಕ್ಯುಂಗ್‌ಹೋ ಅವರಿಗೆ ನಾಯಕನಷ್ಟೇ ಅಭಿಮಾನಿಗಳು ಹುಟ್ಟಿಕೊಂಡರು. ಅದೇ ವರ್ಷದ ಮೇ ತಿಂಗಳ ಬೇಕ್‌ಸಾಂಗ್ ಪ್ರಶಸ್ತಿಗಳಲ್ಲಿ ಜೂ ಜಿಹೂನ್ ಟಿವಿ ವಿಭಾಗದ ಶ್ರೇಷ್ಠ ನಟರಾದರು, ಶಿಷ್ಯನ ಪಾತ್ರದ ಚೂ ಯಂಗ್‌ವೂ ಶ್ರೇಷ್ಠ ಹೊಸ ನಟರಾದರು.

ನೋಡುಗರು ಮೆಚ್ಚಿದ್ದು ಬರೀ ಆಪರೇಷನ್‌ಗಳನ್ನಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು. ‘ಬೆಡ್ ಇಲ್ಲ, ಬೇರೆ ಕಡೆ ಹೋಗಿ’ ಎನ್ನದ ಒಬ್ಬ ಡಾಕ್ಟರನ್ನು ಅವರು ಮೆಚ್ಚಿದರು. ಆ ಹಂಬಲ ಎಲ್ಲಿಂದ ಬಂತು ಎಂಬುದನ್ನು ಮುಂದೆ ನೋಡುತ್ತೇವೆ.

ವೈದ್ಯರು ತಲೆ ಅಲ್ಲಾಡಿಸಿದ್ದು ಎಲ್ಲಿ?

ಮೂಲ ಕಥೆ ಬರೆದವರೂ ವೈದ್ಯರೇ. ಕಿವಿ, ಮೂಗು, ಗಂಟಲು ತಜ್ಞ ಲೀ ನಾಕ್‌ಜುನ್ ‘ಹನ್ಸಾನಿಗಾ’ ಎಂಬ ಹೆಸರಿನಲ್ಲಿ ಬರೆದ ವೆಬ್ ಕಾದಂಬರಿ ಇದಕ್ಕೆ ಆಧಾರ. ಹಾಗಾಗಿ ಆಸ್ಪತ್ರೆಯ ಒಳಗಿನ ಮಾತು, ಜಗಳ, ಲೆಕ್ಕಾಚಾರಗಳಲ್ಲಿ ನಿಜದ ವಾಸನೆ ಇದೆ. ವೈದ್ಯರಲ್ಲೂ ಬಹಳ ಜನ ಅದನ್ನು ಒಪ್ಪಿದರು.

ಅವರು ಒಪ್ಪದೇ ಇದ್ದದ್ದು ನಾಯಕನನ್ನು. ಬೆಕ್ ಮಿದುಳನ್ನೂ ತೆರೆಯುತ್ತಾನೆ, ಎದೆಯನ್ನೂ ತೆರೆಯುತ್ತಾನೆ, ಲಿವರ್ ಕೂಡ ಹೊಲಿಯುತ್ತಾನೆ. ಹಾರುವ ಹೆಲಿಕಾಪ್ಟರ್ ಒಳಗೆ ತಲೆಬುರುಡೆ ಕೊರೆಯುತ್ತಾನೆ. ಅವನ ಕೈಗೆ ಸಿಕ್ಕವರು ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ನಿಜವಾದ ಟ್ರಾಮಾ ಕೆಲಸ ಹೀಗಿರುವುದಿಲ್ಲ.

ಹೇಗಿರುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲಾರಿ ಗುದ್ದಿ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಒಬ್ಬರನ್ನು ತಂದರು ಅಂದುಕೊಳ್ಳಿ. ರಕ್ತ ಹೋದ ಹಾಗೆ ಮೈ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅಂಗಾಂಗಗಳಿಗೆ ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಏರುತ್ತದೆ, ಅದರಿಂದ ಹೆಪ್ಪುಗಟ್ಟುವುದು ಇನ್ನೂ ಕಡಿಮೆಯಾಗುತ್ತದೆ. ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಸರ್ಜನ್ ಎಲ್ಲವನ್ನೂ ಚಂದ ಮಾಡಿ ಹೊಲಿಯಲು ಕೂತರೆ ರೋಗಿ ಟೇಬಲ್ ಮೇಲೇ ಹೋಗಿಬಿಡುತ್ತಾರೆ. ಅದಕ್ಕೇ ಮೊದಲು ಹೊಟ್ಟೆಯೊಳಗೆ ಬಟ್ಟೆಯ ಪ್ಯಾಡ್‌ಗಳನ್ನು ಒತ್ತಿ ತುಂಬಿ ರಕ್ತ ನಿಲ್ಲಿಸುತ್ತಾರೆ. ಹರಿದ ಕರುಳನ್ನು ಕಟ್ಟಿ ಬಿಡುತ್ತಾರೆ, ಜೋಡಿಸುವುದಿಲ್ಲ. ಹೊಟ್ಟೆಯನ್ನು ಪೂರ್ತಿ ಹೊಲಿಯುವುದೂ ಇಲ್ಲ. ತಾತ್ಕಾಲಿಕವಾಗಿ ಮುಚ್ಚಿ ಐಸಿಯುಗೆ ಕಳಿಸುತ್ತಾರೆ. ಅಲ್ಲಿ ಮೈ ಬೆಚ್ಚಗೆ ಮಾಡಿ, ರಕ್ತ ಕೊಟ್ಟು, ಒಂದೆರಡು ದಿನ ಬಿಟ್ಟು ಮತ್ತೆ ಟೇಬಲ್‌ಗೆ ತರುತ್ತಾರೆ. ಕೆಲವೊಮ್ಮೆ ಮೂರನೇ ಸಲವೂ ತರಬೇಕಾಗುತ್ತದೆ.

ಅಂದರೆ ಇದು ಒಬ್ಬರ ಕೈಚಳಕದಿಂದ ಆಗುವ ಕೆಲಸವಲ್ಲ. ಅರಿವಳಿಕೆ ತಜ್ಞರು, ನರ್ಸ್‌ಗಳು, ರಕ್ತನಿಧಿ, ಎಕ್ಸ್‌ರೇ, ಐಸಿಯು ಎಲ್ಲವೂ ರಾತ್ರಿ ಮೂರು ಗಂಟೆಗೂ ಎದ್ದು ಕೂತಿರಬೇಕು. ಡ್ರಾಮಾದಲ್ಲಿ ಹಾ ಯಂಗ್ ಮಾಡಿದ ನರ್ಸ್ ಚೊನ್ ಜಾಂಗ್‌ಮಿಯ ಪಾತ್ರ ಅದಕ್ಕೇ ಮುಖ್ಯ. ಬೆಕ್ ಬರುವ ಮೊದಲೂ ಆ ವಿಭಾಗವನ್ನು ಹಿಡಿದು ನಿಲ್ಲಿಸಿದವಳು ಅವಳೇ.

ಜೀವ ಉಳಿಸಿದಷ್ಟೂ ನಷ್ಟ ಏಕೆ?

ಡ್ರಾಮಾದಲ್ಲಿ ಅತಿ ಹೆಚ್ಚು ನಿಜ ಇರುವ ಭಾಗ ಆ ಮೀಟಿಂಗ್‌ಗಳೇ. ರೋಗಿ ಜಾಸ್ತಿಯಾದಷ್ಟೂ ಟ್ರಾಮಾ ವಿಭಾಗದ ನಷ್ಟ ಜಾಸ್ತಿ. ವಿದೇಶದ ನೋಡುಗರಿಗೆ ಇದು ಕಥೆಗಾಗಿ ಕಟ್ಟಿದ ಮಾತಿನ ಹಾಗೆ ಕೇಳಿಸಬಹುದು. ಆದರೆ ನಿಜ.

ಕೊರಿಯಾದಲ್ಲಿ 1989ರಿಂದ ಎಲ್ಲ ನಾಗರಿಕರಿಗೂ ಆರೋಗ್ಯ ವಿಮೆ ಇದೆ. 2000ರಿಂದ ಇಡೀ ದೇಶಕ್ಕೆ ಒಂದೇ ವಿಮಾ ಸಂಸ್ಥೆ. ಯಾವ ಚಿಕಿತ್ಸೆಗೆ ಎಷ್ಟು ದರ ಅನ್ನುವುದು ದೇಶಕ್ಕೆಲ್ಲ ಒಂದೇ. ಆಸ್ಪತ್ರೆ ಮಾಡಿದ ಪ್ರತಿ ಕೆಲಸಕ್ಕೂ ಇಷ್ಟು ಅಂತ ಲೆಕ್ಕ. ರೋಗಿಗೆ ಖರ್ಚು ಕೈಗೆಟಕುವ ಹಾಗೆ ಇರಲಿ ಎಂದು ಈ ದರಗಳನ್ನು ಮೊದಲಿನಿಂದಲೂ ಕಡಿಮೆ ಇಟ್ಟಿದ್ದಾರೆ. ಜನಸಾಮಾನ್ಯರಿಗೆ ಇದರಿಂದ ಬಹಳ ಒಳ್ಳೆಯದಾಗಿದೆ, ಅದನ್ನು ಅಲ್ಲಗಳೆಯುವ ಹಾಗಿಲ್ಲ.

ಆದರೆ ಈ ಪದ್ಧತಿ ಟ್ರಾಮಾಗೆ ಹೊಂದುವುದಿಲ್ಲ. ಅದಕ್ಕೆ ಒಂದೊಂದಾಗಿ ಕಾರಣ ನೋಡೋಣ.

ಮಾಡಿದ ಕೆಲಸಕ್ಕೆ ದುಡ್ಡು ಅಂದಾಗ, ಕಾಯುವುದಕ್ಕೆ ದುಡ್ಡಿಲ್ಲ ಅಂತಲೇ ಅರ್ಥ. ಟ್ರಾಮಾ ಕೇಂದ್ರದಲ್ಲಿ ಒಂದು ಆಪರೇಷನ್ ಥಿಯೇಟರ್ ಖಾಲಿ ಇರಲೇಬೇಕು. ಐಸಿಯುನಲ್ಲಿ ಬೆಡ್ ಖಾಲಿ ಇರಲೇಬೇಕು. ಇಲ್ಲದಿದ್ದರೆ ಅಪಘಾತವಾದವರನ್ನು ತಂದಾಗ ಜಾಗ ಎಲ್ಲಿರುತ್ತದೆ? ಅಗ್ನಿಶಾಮಕ ಠಾಣೆಯವರಿಗೆ ಆರಿಸಿದ ಬೆಂಕಿಯ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಠಾಣೆ ನಡೆಯುತ್ತದೆಯೇ? ಬೆಂಕಿ ಬೀಳದ ದಿನವೂ ಅವರು ಸಜ್ಜಾಗಿರುವುದಕ್ಕೇ ಸಂಬಳ. ಟ್ರಾಮಾ ಕೇಂದ್ರವೂ ಹಾಗೆಯೇ. ಆದರೆ ಆಸ್ಪತ್ರೆಯ ಲೆಕ್ಕಪತ್ರದಲ್ಲಿ ಖಾಲಿ ಬೆಡ್ ಅಂದರೆ ನಷ್ಟ.

ಇನ್ನು ಮಾಡಿದ ಕೆಲಸಕ್ಕಾದರೂ ಪೂರ್ತಿ ದುಡ್ಡು ಬರುತ್ತದೆಯೇ? ಅದೂ ಇಲ್ಲ. ಒಂದೇ ಕಡೆ ಕೊಯ್ದು ಎರಡು ಮೂರು ಆಪರೇಷನ್ ಮಾಡಿದರೆ ಮೊದಲನೆಯದಕ್ಕೆ ಮಾತ್ರ ಪೂರ್ತಿ ದರ. ಮಿಕ್ಕವಕ್ಕೆ ಕಡಿತ. ಮೊದಲೇ ದಿನ ನಿಗದಿ ಮಾಡಿ ಒಂದು ಗಡ್ಡೆ ತೆಗೆಯುವ ವಿಭಾಗಕ್ಕೆ ಇದರಿಂದ ತೊಂದರೆ ಇಲ್ಲ. ಗುಲ್ಮ, ಲಿವರ್, ಕರುಳು ಮೂರೂ ಒಟ್ಟಿಗೆ ಹರಿದುಹೋದವರನ್ನು ನೋಡುವ ಟ್ರಾಮಾ ವಿಭಾಗಕ್ಕೆ ಇದು ದಿನನಿತ್ಯದ ಪೆಟ್ಟು. ಆಮೇಲೆ ವಿಮೆಯ ಪರಿಶೀಲನಾ ಸಂಸ್ಥೆ ಬಿಲ್ ನೋಡಿ ‘ಇದು ಬೇಕಿರಲಿಲ್ಲ’ ಎಂದು ಇನ್ನಷ್ಟು ಹೊಡೆದುಹಾಕಬಹುದು. ರಾತ್ರಿ ಸುರಿಸಿದ ರಕ್ತದ ಚೀಲಗಳಿಗೆ ಹಗಲಲ್ಲಿ ಕಾಗದದ ಮೇಲೆ ಉತ್ತರ ಕೊಡಬೇಕು.

ರೋಗಿಗಳು ಯಾರು ಅನ್ನುವುದನ್ನೂ ನೋಡಬೇಕು. ಕಟ್ಟಡ ಕೆಲಸದಲ್ಲಿ ಮೇಲಿಂದ ಬಿದ್ದವರು, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕವರು, ರಾತ್ರಿ ಬೈಕ್‌ನಲ್ಲಿ ಊಟ ತಲುಪಿಸುವವರು. ಆಸ್ಪತ್ರೆಗೆ ಹೆಚ್ಚಿನ ಹಣ ಕಟ್ಟುವ ಶಕ್ತಿ ಇವರಲ್ಲಿ ಅನೇಕರಿಗೆ ಇರುವುದಿಲ್ಲ. ಇವರ ಪರವಾಗಿ ಜೋರು ದನಿ ಎತ್ತುವವರೂ ಕಡಿಮೆ. ಟ್ರಾಮಾ ಕೇಂದ್ರಕ್ಕೆ ದುಡ್ಡು ಸಾಲದಿರುವುದಕ್ಕೂ ಇದಕ್ಕೂ ನಂಟಿದೆ ಎಂದೇ ನನಗೆ ಅನಿಸುತ್ತದೆ.

ಇದೇ ಹೊತ್ತಿನಲ್ಲಿ ಚರ್ಮ ಮತ್ತು ಸೌಂದರ್ಯ ಚಿಕಿತ್ಸೆಗಳು ಬಹುಪಾಲು ವಿಮೆಯ ಹೊರಗಿವೆ. ಅಲ್ಲಿ ದರ ಕ್ಲಿನಿಕ್‌ನವರೇ ಇಡಬಹುದು. ರಾತ್ರಿ ಡ್ಯೂಟಿ ಇಲ್ಲ, ರೋಗಿ ತೀರಿಕೊಂಡು ಕೋರ್ಟ್ ಮೆಟ್ಟಿಲು ಹತ್ತುವ ಭಯವೂ ಕಡಿಮೆ. ಯುವ ವೈದ್ಯರು ಅತ್ತ ಹೋದರೆ ಅವರನ್ನಷ್ಟೇ ದೂರಿ ಏನು ಪ್ರಯೋಜನ?

ಈ ಕಥೆ ಮೊದಲ ಸಲದ್ದಲ್ಲ

ಡ್ರಾಮಾದ ಹಿಂದೆ ಒಬ್ಬ ನಿಜವಾದ ವೈದ್ಯರ ನೆರಳಿದೆ ಎಂದು ಕೊರಿಯಾದ ನೋಡುಗರು ಮೊದಲ ಕಂತಿನಲ್ಲೇ ಗುರುತಿಸಿದರು. ಅವರು ಲೀ ಗುಕ್‌ಜೊಂಗ್. ಸುವೊನ್ ನಗರದ ಅಜೂ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಟ್ರಾಮಾ ಸರ್ಜನ್ ಆಗಿದ್ದವರು.

2011ರ ಜನವರಿಯಲ್ಲಿ ಸೊಮಾಲಿಯಾದ ಕಡಲ್ಗಳ್ಳರು ‘ಸಾಮ್ಹೊ ಜ್ಯುವೆಲ್ರಿ’ ಎಂಬ ಕೊರಿಯಾದ ಹಡಗನ್ನು ಹಿಡಿದರು. ಕ್ಯಾಪ್ಟನ್ ಸೊಕ್ ಹೇಗ್ಯುನ್ ಬೇಕಂತಲೇ ಹಡಗನ್ನು ನಿಧಾನ ಮಾಡಿ ನೌಕಾಪಡೆಗೆ ಸಮಯ ಕೊಟ್ಟರು. ಜನವರಿ 21ರ ಕಾರ್ಯಾಚರಣೆಯಲ್ಲಿ ಸಿಬ್ಬಂದಿಯೆಲ್ಲ ಪಾರಾದರು, ಕ್ಯಾಪ್ಟನ್‌ಗೆ ಮಾತ್ರ ಹಲವು ಗುಂಡು ತಗುಲಿದವು. ಒಮಾನ್‌ಗೆ ಹಾರಿದ ಲೀ, ಅವರನ್ನು ಏರ್ ಆಂಬುಲೆನ್ಸ್‌ನಲ್ಲಿ ಊರಿಗೆ ತರಲೇಬೇಕು ಎಂದು ಹಟ ಹಿಡಿದರು. ಖರ್ಚಿಗೆ ಯಾರು ಹೊಣೆ ಎಂಬ ಪ್ರಶ್ನೆ ಬಂದಾಗ ತಾವೇ ಹೊಣೆ ಎಂದರು. ಕ್ಯಾಪ್ಟನ್ ಬದುಕಿದರು. ಡ್ರಾಮಾದಲ್ಲಿ ಬೆಕ್ ದಕ್ಷಿಣ ಸುಡಾನ್‌ಗೆ ಹೋಗಿ ಸೈನಿಕನನ್ನು ತರುವ ಭಾಗ ನೋಡಿದಾಗ ಕೊರಿಯನ್ನರಿಗೆ ನೆನಪಾಗಿದ್ದು ಇದೇ.

ಆ ಚಿಕಿತ್ಸೆಯ ಬಿಲ್ ಏನಾಯಿತು ಗೊತ್ತೇ? ಹಡಗಿನ ಕಂಪನಿ ದಿವಾಳಿಯಾಯಿತು. 16 ಕೋಟಿ ವೋನ್‌ಗೂ ಹೆಚ್ಚು ಬಾಕಿ ಆಸ್ಪತ್ರೆಯ ತಲೆ ಮೇಲೆ ಉಳಿಯಿತು. ಸರ್ಕಾರ ಅದನ್ನು ತೀರಿಸಲು ಒಪ್ಪಿದ್ದು 2017ರ ಕೊನೆಯಲ್ಲಿ. ದೇಶವೇ ಕೊಂಡಾಡಿದ ಒಬ್ಬ ರೋಗಿಯ ಬಿಲ್‌ಗೆ ಆರು ವರ್ಷ ಹಿಡಿಯಿತು ಅಂದರೆ, ಹೆಸರಿಲ್ಲದ ರೋಗಿಗಳ ಬಿಲ್ ಪಾಡೇನು?

ಆದರೂ ಕ್ಯಾಪ್ಟನ್ ಕಥೆಯಿಂದ ದೊಡ್ಡ ಬದಲಾವಣೆ ಆಯಿತು. 2012ರಲ್ಲಿ ಕಾನೂನು ತಿದ್ದಿದರು. ಪ್ರದೇಶಕ್ಕೊಂದರಂತೆ ಟ್ರಾಮಾ ಕೇಂದ್ರ ಮಾಡುವ ಯೋಜನೆ ಬಂತು. ಮುಂದೆ 17 ಆಸ್ಪತ್ರೆಗಳು ಆಯ್ಕೆಯಾದವು. ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. ಗಾಯಗೊಂಡು ಸತ್ತವರ ದಾಖಲೆಗಳನ್ನು ತಜ್ಞರು ಕೂತು ಓದುತ್ತಾರೆ. ಸರಿಯಾದ ಹೊತ್ತಿಗೆ ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದವರು ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. 2010ರಲ್ಲಿ ಅದು 35.2 ಇತ್ತು. 2015ರಲ್ಲಿ 30.5. 2017ರಲ್ಲಿ 19.9. 2021ರ ಹೊತ್ತಿಗೆ 13.9ಕ್ಕೆ ಇಳಿಯಿತು. ಹತ್ತೇ ವರ್ಷದಲ್ಲಿ ಇಷ್ಟು ಇಳಿಯುವುದು ಸಣ್ಣ ಸಾಧನೆಯಲ್ಲ. ದುಡ್ಡು ಹಾಕಿದರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗಿದ್ದರೂ ಬಜೆಟ್ ಒಂದೇ ಸಮ ಬರಲಿಲ್ಲ. 2018ರ ಬಜೆಟ್ ಕರಡಿನಲ್ಲಿ ಟ್ರಾಮಾ ಹಣವನ್ನು ಕಡಿತ ಮಾಡಿದ್ದರು. ಅಷ್ಟರಲ್ಲಿ 2017ರ ನವೆಂಬರ್ 13ರಂದು ಉತ್ತರ ಕೊರಿಯಾದ ಸೈನಿಕನೊಬ್ಬ ಪಾನ್‌ಮುನ್‌ಜೊಮ್ ಗಡಿಯಲ್ಲಿ ಗುಂಡೇಟು ತಿನ್ನುತ್ತಲೇ ದಕ್ಷಿಣಕ್ಕೆ ಓಡಿಬಂದ. ಅಮೆರಿಕ ಸೇನೆಯ ಹೆಲಿಕಾಪ್ಟರ್ ಅವನನ್ನು ಅಜೂ ಆಸ್ಪತ್ರೆಗೆ ತಂದಿತು. ಲೀ ಅವನನ್ನೂ ಉಳಿಸಿದರು. ಟಿವಿಯಲ್ಲಿ ಅವರ ದಣಿದ ಮುಖ ನೋಡಿದ ಜನ ಟ್ರಾಮಾ ಕೇಂದ್ರಗಳಿಗೆ ನೆರವು ಕೊಡಿ ಎಂದು ಅಧ್ಯಕ್ಷರ ಕಚೇರಿಗೆ ಮನವಿ ಹಾಕಿದರು. ಸಹಿ ಮಾಡಿದವರು 2 ಲಕ್ಷ ದಾಟಿದರು. ಸುಮಾರು 4,000 ಕೋಟಿ ವೋನ್ ಇದ್ದ ಕರಡು ಮೊತ್ತ ಸುಮಾರು 6,000 ಕೋಟಿಗೆ ಏರಿತು.

ಇಲ್ಲಿ ಒಂದು ಮಾದರಿ ಕಾಣುತ್ತದೆ. ಒಂದು ಮುಖ ಬೇಕು. ಮೊದಲು ಕ್ಯಾಪ್ಟನ್, ಆಮೇಲೆ ಸೈನಿಕ, ಈಗ ಡ್ರಾಮಾದ ಹೀರೋ. ಮುಖ ಕಂಡಾಗ ಜನ ಮರುಗುತ್ತಾರೆ, ಹಣ ಬರುತ್ತದೆ. ಮುಖ ಮರೆಯಾದಾಗ ಬಜೆಟ್‌ನ ಆ ಸಾಲು ಸದ್ದಿಲ್ಲದೆ ಸಣ್ಣದಾಗುತ್ತದೆ. ಕೊರಿಯಾದ ಟ್ರಾಮಾ ಚಿಕಿತ್ಸೆಯ ನಿಜವಾದ ಕಾಯಿಲೆ ಇದೇ ಎಂಬುದು ಈ ಲೇಖನದ ವಾದ.

ಲೀ ಅವರ ಕಥೆಯ ಕೊನೆಯೂ ಡ್ರಾಮಾದ ಹಾಗಿಲ್ಲ. 2020ರ ಜನವರಿಯಲ್ಲಿ, ಆಸ್ಪತ್ರೆಯ ಹಿರಿಯರೊಬ್ಬರು ಅವರನ್ನು ಬೈದ ಹಳೆಯ ಆಡಿಯೊ ಟಿವಿಯಲ್ಲಿ ಬಂತು. ಬೆಡ್, ಸಿಬ್ಬಂದಿ, ಹೆಲಿಕಾಪ್ಟರ್ ವಿಚಾರದಲ್ಲಿ ವರ್ಷಗಟ್ಟಲೆ ನಡೆದ ತಿಕ್ಕಾಟ ಬೀದಿಗೆ ಬಂತು. ಅವರು ಟ್ರಾಮಾ ಕೇಂದ್ರದ ಮುಖ್ಯಸ್ಥರ ಹುದ್ದೆ ಬಿಟ್ಟರು. 2023ರ ಡಿಸೆಂಬರ್‌ನಲ್ಲಿ ದೇಜೊನ್‌ನ ಸೇನಾ ಆಸ್ಪತ್ರೆಯ ಮುಖ್ಯಸ್ಥರಾದರು. ಅವರ ಶಿಷ್ಯ ಜಂಗ್ ಕ್ಯುಂಗ್‌ವೊನ್ ಅಜೂ ಕೇಂದ್ರವನ್ನು ಮುಂದುವರಿಸಿದರು. ಡ್ರಾಮಾದ ‘ನಂಬರ್ 1’ ಪಾತ್ರ ನೋಡಿದವರು ಹುಡುಕಿಕೊಂಡು ಹೋಗಿದ್ದು ಇವರನ್ನೇ.

ವೈದ್ಯರ ಮೇಲೆ ಸಿಟ್ಟಿದ್ದ ಕಾಲ

ಡ್ರಾಮಾ ಬಂದ ಹೊತ್ತು ಸಾಮಾನ್ಯ ಹೊತ್ತಾಗಿರಲಿಲ್ಲ. 2024ರ ಫೆಬ್ರವರಿ 6ರಂದು ಕೊರಿಯಾ ಸರ್ಕಾರ ವೈದ್ಯಕೀಯ ಸೀಟುಗಳನ್ನು 3,058ರಿಂದ 5,058ಕ್ಕೆ ಏರಿಸುವುದಾಗಿ ಹೇಳಿತು. ಒಂದೇ ಏಟಿಗೆ 2,000 ಸೀಟು ಜಾಸ್ತಿ. ಅದೇ ತಿಂಗಳು ಹತ್ತು ಸಾವಿರಕ್ಕೂ ಹೆಚ್ಚು ತರಬೇತಿ ವೈದ್ಯರು ರಾಜೀನಾಮೆ ಕೊಟ್ಟು ಹೊರಬಂದರು. ದೊಡ್ಡ ಆಸ್ಪತ್ರೆಗಳ ರಾತ್ರಿ ಡ್ಯೂಟಿ ನಡೆಯುತ್ತಿದ್ದದ್ದೇ ಅವರಿಂದ. ಆಪರೇಷನ್‌ಗಳು ಮುಂದೆ ಹೋದವು, ತುರ್ತು ವಿಭಾಗಗಳು ಕುಂಟಿದವು. ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸೊಕ್‌ಯೊಲ್ ಸೇನಾಡಳಿತ ಹೇರಿದಾಗ ಹೊರಬಿದ್ದ ಆದೇಶದಲ್ಲಿ, ಕೆಲಸ ಬಿಟ್ಟ ವೈದ್ಯರು 48 ಗಂಟೆಯೊಳಗೆ ಮರಳದಿದ್ದರೆ ಶಿಕ್ಷೆ ಎಂಬ ಸಾಲೂ ಇತ್ತು. ಸಂಬಂಧ ಅಷ್ಟು ಹದಗೆಟ್ಟಿತ್ತು.

ಜನರಿಗೆ ವೈದ್ಯರ ಮೇಲೆ ಕೋಪ ಇತ್ತು. ತರಬೇತಿ ವೈದ್ಯರನ್ನು ಆಪ್ತವಾಗಿ ತೋರಿಸುವ ಇನ್ನೊಂದು ಡ್ರಾಮಾ 2024ರಲ್ಲಿ ಬರಬೇಕಿತ್ತು. ಅದನ್ನು ಮುಂದೂಡಿ 2025ರ ಏಪ್ರಿಲ್‌ನಲ್ಲಿ ತೋರಿಸಿದರು. ಹಾಗಾದರೆ ಟ್ರಾಮಾ ಡ್ರಾಮಾ ಮಾತ್ರ ಹೇಗೆ ಗೆದ್ದಿತು? ಅದರ ನಾಯಕ ರೋಗಿಯನ್ನು ಬಿಟ್ಟು ಹೋಗುವವನಲ್ಲ, ರೋಗಿಗಾಗಿ ಆಸ್ಪತ್ರೆಯ ದೊಡ್ಡವರ ಜೊತೆ ಗುದ್ದಾಡುವವನು. ಹಾಗಾಗಿ ಸಿಟ್ಟಿದ್ದವರೂ ‘ಡಾಕ್ಟರ್ ಅಂದರೆ ಹೀಗಿರಬೇಕು’ ಎಂದರು. ವೈದ್ಯರೂ ‘ನಾವು ಹೇಳುತ್ತಿದ್ದದ್ದು ಇದನ್ನೇ, ವ್ಯವಸ್ಥೆ ನಮ್ಮನ್ನು ಹಿಂಡುತ್ತಿದೆ’ ಎಂದರು. ಒಂದೇ ದೃಶ್ಯ, ಎರಡು ಕಡೆಯವರಿಗೂ ಅವರವರ ಸಾಕ್ಷಿ ಸಿಕ್ಕಿತು.

ಆ ಜಗಳದಲ್ಲಿ ಇಬ್ಬರ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸರ್ಕಾರ ಹೇಳಿದ್ದು: ದೇಶಕ್ಕೆ ವಯಸ್ಸಾಗುತ್ತಿದೆ, ವೈದ್ಯರು ಸಾಲದು, ಸೀಟುಗಳು 2006ರಿಂದ ಏರಿಲ್ಲ. ಸಾವಿರ ಜನರಿಗೆ ವೈದ್ಯರ ಸಂಖ್ಯೆ ಮುಂದುವರಿದ ದೇಶಗಳ ಸರಾಸರಿಗಿಂತ ಕೊರಿಯಾದಲ್ಲಿ ಕಡಿಮೆ ಎಂಬುದು ನಿಜವೇ. ವೈದ್ಯರ ಉತ್ತರ: ಸಂಖ್ಯೆ ಏರಿಸಿದರೆ ಹೊಸಬರೂ ಚರ್ಮದ ಕ್ಲಿನಿಕ್‌ಗೇ ಹೋಗುತ್ತಾರೆ. ಪಾತ್ರೆ ತುಂಬಿ ಚೆಲ್ಲಿದ ನೀರು ಟ್ರಾಮಾ ವಿಭಾಗಕ್ಕೆ ಹರಿಯುತ್ತದೆ ಎಂದು ಕಾಯುವುದು ತಪ್ಪು. ಮೊದಲು ದರ ಸರಿಮಾಡಿ, ಕೋರ್ಟ್ ಭಯ ಕಡಿಮೆ ಮಾಡಿ.

ಇವರಿಬ್ಬರ ನಡುವೆ ರೋಗಿಗಳ ಮಾತು ಕೇಳಿಸಿದ್ದು ಕಡಿಮೆ. ಅವರ ಭಯಕ್ಕೆ ಕೊರಿಯಾದಲ್ಲಿ ಒಂದು ಹೆಸರೇ ಇದೆ, ‘ಎಮರ್ಜೆನ್ಸಿ ಪೆಂಗ್‌ಪೆಂಗಿ’. ಬುಗುರಿಯ ಹಾಗೆ ಸುತ್ತುವುದು. 119 ಆಂಬುಲೆನ್ಸ್‌ನಲ್ಲಿ ರೋಗಿ ಇರುತ್ತಾರೆ, ಸಿಬ್ಬಂದಿ ಒಂದಾದ ಮೇಲೊಂದು ಆಸ್ಪತ್ರೆಗೆ ಫೋನ್ ಮಾಡುತ್ತಲೇ ಇರುತ್ತಾರೆ. 2023ರ ಮಾರ್ಚ್‌ನಲ್ಲಿ ದೇಗು ನಗರದಲ್ಲಿ ಕಟ್ಟಡದಿಂದ ಬಿದ್ದ 17 ವರ್ಷದ ಹುಡುಗಿಯನ್ನು ಹೊತ್ತು ಆಂಬುಲೆನ್ಸ್ ಸುಮಾರು ಎರಡು ಗಂಟೆ ಸುತ್ತಿತು. ಒಳಗೆ ಸೇರಿಸಿಕೊಳ್ಳುವವರು ಸಿಗದೆ ಅವಳು ತೀರಿಕೊಂಡಳು. ಇದು ತರಬೇತಿ ವೈದ್ಯರು ಹೊರಬರುವುದಕ್ಕೂ ಒಂದು ವರ್ಷ ಮೊದಲಿನ ಮಾತು. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ನಮ್ಮ ಕಡೆಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಕ್ ಯಾವ ರೋಗಿಯನ್ನೂ ವಾಪಸ್ ಕಳಿಸದಿರುವುದು ನೋಡುಗರಿಗೆ ಅಷ್ಟು ತಾಗಿದ್ದು ಇದಕ್ಕೇ.

ಚಪ್ಪಾಳೆಯಿಂದ ಆದದ್ದು, ಆಗದ್ದು

ಮತ್ತೆ ಗುರೊ ತರಬೇತಿ ಕೇಂದ್ರಕ್ಕೆ ಬರೋಣ. ಮುಚ್ಚುವ ಸುದ್ದಿ ಬಂದದ್ದೇ ತಡ, ಡ್ರಾಮಾ ನೋಡಿದ್ದ ಜನ ಕೆರಳಿದರು. ಫೆಬ್ರವರಿ 5ರಂದೇ ಸೋಲ್ ನಗರಾಡಳಿತ ತನ್ನ ವಿಪತ್ತು ನಿಧಿಯಿಂದ 50 ಕೋಟಿ ವೋನ್ ಕೊಡುವುದಾಗಿ ಹೇಳಿತು. ಕೇಂದ್ರ ಉಳಿಯಿತು. ಇದನ್ನು ನೋಡುಗರ ಗೆಲುವು ಎಂದೇ ಕರೆಯಬೇಕು. ಅದೇ ಸುದ್ದಿ ಹಿಂದಿನ ವರ್ಷ ಬಂದಿದ್ದರೆ ಒಳಪುಟದಲ್ಲಿ ಸಣ್ಣದಾಗಿ ಮುಗಿದುಹೋಗುತ್ತಿತ್ತೇನೋ.

ಆದರೆ ದುಡ್ಡು ಎಲ್ಲಿಂದ ಬಂತು ನೋಡಿ. ವಿಪತ್ತು ನಿಧಿಯಿಂದ. ಅಂದರೆ ತುರ್ತಿಗೆ ಅಂತ ಎತ್ತಿಟ್ಟ ಹಣದಿಂದ. ಹನ್ನೊಂದು ವರ್ಷ ನಡೆದ ಒಂದು ಶಾಲೆಯನ್ನು ಉಳಿಸಲು ಅದನ್ನೇ ವಿಪತ್ತು ಎಂದು ಲೆಕ್ಕ ಹಾಕಬೇಕಾಯಿತು. ಮೊತ್ತವೂ ಮೊದಲು ಸಿಗುತ್ತಿದ್ದದ್ದರ ಅರ್ಧಕ್ಕೆ ಸ್ವಲ್ಪ ಜಾಸ್ತಿ ಅಷ್ಟೆ. ಆ ಕೇಂದ್ರ ವರ್ಷಕ್ಕೆ ತಯಾರು ಮಾಡುತ್ತಿದ್ದದ್ದು ಸರಾಸರಿ ಇಬ್ಬರು ತಜ್ಞರನ್ನು. ಸಂಖ್ಯೆ ಸಣ್ಣದು ಅನಿಸಬಹುದು. ಆದರೆ ಒಂದು ಕೇಂದ್ರದಲ್ಲಿ ಇಬ್ಬರು ಸರ್ಜನ್ ಜಾಸ್ತಿ ಇದ್ದರೆ ಉಳಿದವರಿಗೆ ವಾರದಲ್ಲಿ ಒಂದು ರಾತ್ರಿಯಾದರೂ ನಿದ್ದೆ ಸಿಗುತ್ತದೆ. ನಿದ್ದೆ ಸಿಕ್ಕರೆ ಅವರು ಕೆಲಸ ಬಿಡುವುದಿಲ್ಲ.

ಸೀಟುಗಳ ಜಗಳವೂ ಅರ್ಧಕ್ಕೆ ನಿಂತಿತು. 2025ರಲ್ಲಿ ಸುಮಾರು 1,500 ಸೀಟು ಮಾತ್ರ ಹೆಚ್ಚಾದವು. 2026ಕ್ಕೆ ಮತ್ತೆ ಹಳೆಯ 3,058ಕ್ಕೇ ಇಳಿಸುವುದಾಗಿ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೇಳಿತು. ಸೆಪ್ಟೆಂಬರ್‌ನಲ್ಲಿ ತರಬೇತಿ ವೈದ್ಯರು ಮರಳಿದರು, ಒಟ್ಟು ಸಂಖ್ಯೆ ಮೊದಲಿನ ಮುಕ್ಕಾಲು ಪಾಲಿನಷ್ಟಾಯಿತು. ಜೀವ ಉಳಿಸುವ ವಿಭಾಗಗಳಿಗೆ ಮರಳಿದವರು ಅದಕ್ಕಿಂತಲೂ ಕಡಿಮೆ.

ಇಲ್ಲಿ ಡ್ರಾಮಾದ ಒಂದು ಮಿತಿಯನ್ನು ಹೇಳಲೇಬೇಕು. ಒಳ್ಳೆಯ ಡಾಕ್ಟರ್ ಒಬ್ಬ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಅದು ಬಿತ್ತುತ್ತದೆ. ಆ ನಂಬಿಕೆ ಬಜೆಟ್ ಬರೆಯುವವರಿಗೆ ಬಹಳ ಅನುಕೂಲ. ಹೀರೋ ಇದ್ದಾನಲ್ಲ, ಅವನೇ ನೋಡಿಕೊಳ್ಳುತ್ತಾನೆ! ಲೀ ಗುಕ್‌ಜೊಂಗ್ ಅವರ ವಿಚಾರದಲ್ಲಿ ಆದದ್ದೂ ಇದೇ ಅಲ್ವಾ? ಒಬ್ಬರ ಹಟದ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಅವರು ದಣಿದು ಹೊರಟಾಗ ಆ ಭಾರ ಹೊರಲು ಹೊಸಬರು ಸಾಲುಗಟ್ಟಿ ನಿಂತಿರಲಿಲ್ಲ.

ಮುಂದೆ ಏನಾಗಬಹುದು?

ಕಾಯುವುದಕ್ಕೂ ದುಡ್ಡು ಕೊಡುವ ಪದ್ಧತಿ ಬಂದರೆ ಚಿತ್ರ ಬದಲಾಗುತ್ತದೆ. ಬಂದ ರೋಗಿಗಳ ಲೆಕ್ಕ ಬಿಟ್ಟು, ಇಷ್ಟು ಸರ್ಜನ್, ಇಷ್ಟು ಖಾಲಿ ಬೆಡ್ ಇಟ್ಟುಕೊಂಡಿದ್ದಕ್ಕೆ ವರ್ಷಕ್ಕೆ ಇಷ್ಟು ಅಂತ ಕೊಡುವುದು. 17 ಕೇಂದ್ರಗಳ ಟ್ರಾಮಾ ತಜ್ಞರ ಸಂಬಳಕ್ಕೆ ಸರ್ಕಾರ ಈಗಾಗಲೇ ನೆರವು ಕೊಡುತ್ತಿದೆ, ಅಂದರೆ ದಾರಿ ಹೊಸದಲ್ಲ. ಅದನ್ನು ನರ್ಸ್‌ಗಳಿಗೆ, ಅರಿವಳಿಕೆ ತಜ್ಞರಿಗೆ, ತರಬೇತಿಗೆ ಹಿಗ್ಗಿಸಬೇಕು. ವರ್ಷವರ್ಷ ಕರಡು ಬಜೆಟ್‌ನಲ್ಲಿ ಕತ್ತರಿ ಬೀಳದ ಹಾಗೆ ಕಟ್ಟಬೇಕು. ಹಾಗಾಗದಿದ್ದರೆ ಮುಂದಿನ ಸಲ ಹಣ ಕಡಿತವಾದಾಗ ಕೈ ಹಿಡಿಯಲು ಇನ್ನೊಂದು ಡ್ರಾಮಾ ಬರಬೇಕಾಗುತ್ತದೆ.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಸಾಕು. 2025ರಲ್ಲಿ ಹೆಚ್ಚುವರಿ ಸೀಟಿನಲ್ಲಿ ಸೇರಿದ ಒಬ್ಬ ವಿದ್ಯಾರ್ಥಿನಿ ಟ್ರಾಮಾ ಸರ್ಜನ್ ಆಗಬೇಕು ಅಂದುಕೊಂಡಿದ್ದಾಳೆ ಎನ್ನೋಣ. ಆರು ವರ್ಷ ಕಾಲೇಜು, ಆಗ 2031. ಒಂದು ವರ್ಷ ಇಂಟರ್ನ್, ಮೂರು ವರ್ಷ ಸರ್ಜರಿ ತರಬೇತಿ. ಅಲ್ಲಿಗೆ 2035. ಆಮೇಲೆ ಟ್ರಾಮಾ ಕಲಿಯಲು ಎರಡು ವರ್ಷ. ಅವಳು ಸ್ವಂತ ಹೊಣೆ ಮೇಲೆ ಥಿಯೇಟರ್‌ಗೆ ಕಾಲಿಡುವುದು 2037ರಲ್ಲಿ. ಹುಡುಗನಾದರೆ ಕಡ್ಡಾಯ ಸೇನಾ ಸೇವೆ ಸೇರಿ 2040. ಅಲ್ಲಿಯವರೆಗೂ ರಾತ್ರಿ ಹೆಲಿಕಾಪ್ಟರ್ ಸದ್ದು ಕೇಳಿದಾಗ ಎದ್ದು ಓಡಬೇಕಾದವರು ಇವತ್ತು ಡ್ಯೂಟಿಯಲ್ಲಿ ಇರುವವರೇ.